ತಾಮ್ರದ ಗೆರೆ

“ಅಷ್ಟು ಜೋರಾಗಿ ಉಜ್ಜಬೇಡಿ ಮಾವ, ಅದು ಕೊಳೆ ಅಲ್ಲ,” ಎಂದಳು ಅಕ್ಕನ ಮಗಳು. “ಸುಟ್ಟ ಕಲೆ. ಅದು ಹೋಗಲ್ಲ.”

ಅವನು ಒದ್ದೆ ಬಟ್ಟೆಯನ್ನು ತೀರಿಕೊಂಡ ಭಾವನ ಹೆಬ್ಬೆರಳಿನಿಂದ ತೆಗೆದು ಬೋಗುಣಿಯ ಅಂಚಿಗೆ ಹಾಕಿದ. ಹೆಬ್ಬೆರಳ ತುದಿ, ತೋರುಬೆರಳ ಪಕ್ಕ, ಅಂಗೈಯ ಬುಡ, ಎಲ್ಲ ಕಡೆ ಸಣ್ಣ ಸಣ್ಣ ಕಂದು ಚುಕ್ಕೆಗಳು. ನಲವತ್ತು ವರ್ಷ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹಿಡಿದ ಕೈ. ಭಾವನ ಮುಖವನ್ನು ಯಾರು ಬೇಕಾದರೂ ತೊಳೆಯಲಿ, ಕೈಯನ್ನು ಮಾತ್ರ ತನಗೆ ಒಪ್ಪಿಸಬಾರದಿತ್ತು ಎಂದು ಅವನಿಗೆ ಅನ್ನಿಸಿತು. ಆದರೆ ಒಪ್ಪಿಸಿದವಳು ಅಕ್ಕ. “ನೀನೇ ಮಾಡು ಕಣೋ, ನಿನ್ನನ್ನ ಕಂಡ್ರೆ ಅವರಿಗೆ ಪ್ರಾಣ” ಎಂದಿದ್ದಳು.

ಬೀದಿಯವರೆಲ್ಲ ಅವನನ್ನು ಅಂಗಡಿಯವರು ಎನ್ನುತ್ತಿದ್ದರು, ಸತ್ತವನನ್ನು ಮೆಕ್ಯಾನಿಕ್ ಎನ್ನುತ್ತಿದ್ದರು. ಇಬ್ಬರಿಗೂ ಹೆತ್ತವರು ಇಟ್ಟ ಹೆಸರು ಇದ್ದೇ ಇತ್ತು, ಆದರೆ ಅದು ಬೇಕಾಗುತ್ತಿದ್ದುದು ಬ್ಯಾಂಕಿನವರಿಗೆ ಮಾತ್ರ.

ಮಹಡಿ ಹತ್ತಿ ಏದುಸಿರು ಬಿಡುತ್ತಾ ಪಾರ್ಲರಿನ ಹಳೇ ಯಜಮಾನರು ಬಂದರು. ಮೆಕ್ಯಾನಿಕ್ ಹತ್ತೊಂಬತ್ತು ವರ್ಷ ದುಡಿದದ್ದು ಇವರ ವಿಡಿಯೋ ಗೇಮ್ ಪಾರ್ಲರಿನಲ್ಲಿ. ಅಲ್ಲೀಗ ಟೈಲ್ಸ್ ಮಾರುತ್ತಾರೆ. ಮುದುಕರು ಹೆಣದ ಮುಂದೆ ಒಂದು ನಿಮಿಷ ನಿಂತು, ಆಮೇಲೆ ಅಂಗಡಿಯವನ ಭುಜ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನನ್ನ ಪಾರ್ಲರು ಮುಚ್ಚಿದ ದಿನ ಇವನು ಬೀದಿಗೆ ಬೀಳ್ತಿದ್ದ. ನಿಮ್ಮ ಅಂಗಡಿಲಿ ಕೆಲಸ ಕೊಟ್ಟು ಕೈಹಿಡಿದೋರು ನೀವು. ಇಂಥ ಭಾಮೈದ ಎಲ್ಲರಿಗೂ ಸಿಗಲ್ಲಪ್ಪಾ.”

ಕೂತಿದ್ದವರು ತಲೆದೂಗಿದರು. ಅಂಗಡಿಯವನು ತಲೆತಗ್ಗಿಸಿದ. ಅದನ್ನೂ ಅವರು ವಿನಯವೆಂದೇ ತಿಳಿದರು, ಏನು ಹೇಳೋಣ!

ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದರೆ ಹಿಂದೆಯೇ ಅಕ್ಕನ ಮಗಳು ಬಂದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳನ್ನು ರಿಪೇರಿ ಮಾಡುವವಳು. ಆರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದದ್ದಾಯಿತು, ಈಗ ಇಡೀ ವಿಭಾಗ ನೀನೇ ನೋಡಿಕೋ ಎಂದಿದ್ದಾರೆ. ಭಾವ ಆಸ್ಪತ್ರೆ ಸೇರುವ ಮುಂಚಿನ ಮಾತು ಅದು.

“ಆಸ್ಪತ್ರೆಯವರಿಗೆ ಇವತ್ತು ಸಂಜೆಯೊಳಗೆ ಹೇಳ್ಬೇಕು ಮಾವ. ಬೇಡ ಅಂತ ಹೇಳ್ತಿದ್ದೀನಿ.”

“ಯಾಕೆ ಪುಟ್ಟಿ?”

“ಈಗ ನಾನು ಮಾಡಿದ್ದನ್ನ ಮೇಲಿನೋರೊಬ್ರು ನೋಡಿ ಸೈ ಅಂತಾರೆ. ಆಮೇಲೆ ನೋಡೋರು ಯಾರೂ ಇರಲ್ಲ.” ಅವಳು ತನ್ನ ಬೆರಳುಗಳನ್ನು ಮಡಿಸಿ ಬಿಚ್ಚಿದಳು. “ಅಪ್ಪ ಅಷ್ಟು ಜೋಪಾನದ ಮನುಷ್ಯ. ಅವರ ಕೈಯೇ ಒಂದು ಕ್ಷಣ ತಪ್ಪಿ ಪಾರ್ಲರಿನ ಆ ಹಕ್ಕಿ ಆಟದ ಬೋರ್ಡು ಹೋಯ್ತು. ನಮ್ಮ ಕೈಯನ್ನ ನಾವೇ ನಂಬಬಾರದು ಮಗಳೇ ಅಂತ ಹೇಳ್ತಾನೇ ಇದ್ರು. ಅಲ್ಲಿ ಹೋಗಿದ್ದು ಆಟ. ನನ್ನ ಕೈಲಿ ಹೋದ್ರೆ ಮನುಷ್ಯರು.”

ಅವನು ಕೊಳಾಯಿ ತಿರುಗಿಸಿದ. ಬೋಗುಣಿ ತುಂಬಿ ಚೆಲ್ಲುವವರೆಗೂ ನಿಲ್ಲಿಸಲಿಲ್ಲ.

* * *

ಮೂವತ್ತು ವರ್ಷದ ಹಿಂದೆ ಪಾರ್ಲರಿನಲ್ಲಿ ಹದಿನಾಲ್ಕು ಮಶೀನುಗಳಿದ್ದವು, ಒಂದೊಂದೂ ಬಟ್ಟೆಬೀರುವಿನಷ್ಟು ಎತ್ತರ. ಹದಿನಾಲ್ಕಕ್ಕೂ ಒಬ್ಬನೇ ವೈದ್ಯ, ಮೆಕ್ಯಾನಿಕ್. ಅವುಗಳಲ್ಲಿ ಬಾಗಿಲ ಪಕ್ಕದ ಹಕ್ಕಿ ಆಟದ ಮುಂದೆ ಸದಾ ಜನ. ಕೆಳಗೆ ಒಂಟಿ ವಿಮಾನ, ಮೇಲಿನಿಂದ ದಂಡು ದಂಡಾಗಿ ಇಳಿಯುವ ಹಕ್ಕಿಗಳು.

ಅಂಗಡಿಯವನು ಆಗಷ್ಟೇ ಎದುರು ಸಾಲಿನಲ್ಲಿ ಟಿವಿ ಗೇಮಿನ ಅಂಗಡಿ ತೆರೆದಿದ್ದ. ಟಿವಿಗೆ ಸಿಕ್ಕಿಸುವ ಡಬ್ಬ, ಅದರೊಳಗೆ ತುರುಕುವ ಕ್ಯಾಸೆಟ್ಟು. ಹಕ್ಕಿ ಆಟದ ಕ್ಯಾಸೆಟ್ಟೂ ಬಂದಿತ್ತು. ಗಾಜಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ: ‘ಅದೇ ಆಟ, ಈಗ ನಿಮ್ಮ ಮನೆಯಲ್ಲಿ!’

ಕೊಳ್ಳಬೇಕೆನ್ನುವ ಅಮ್ಮಂದಿರು ಬುದ್ಧಿವಂತರು. ರಸ್ತೆ ದಾಟಿ ಹೋಗಿ ಮೆಕ್ಯಾನಿಕ್ಕನ್ನೇ ಕೇಳುತ್ತಿದ್ದರು: ಎರಡೂ ಒಂದೇನಾ?

“ಹೆಸರು ಒಂದೇ ಕಣಮ್ಮ,” ಎನ್ನುತ್ತಿದ್ದ ಭಾವ. ಆಮೇಲೆ ಶುರು. ಅವನನ್ನು ನಿಲ್ಲಿಸಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. “ಟಿವಿ ಗೇಮ್ ಅಂದ್ರೆ ಒಂಟಿ ಹೆಂಗಸಿನ ಸಂಸಾರ. ಒಲೆ ಮುಂದೆನೂ ಅವಳೇ, ಬಾಗಿಲು ತೆಗೆಯೋಳೂ ಅವಳೇ, ಮಗು ಅತ್ರೆ ಎತ್ತಿಕೊಳ್ಳೋಳೂ ಅವಳೇ. ಹಕ್ಕಿ ಹತ್ತು ದಾಟಿದ್ರೆ ಸುಧಾರಿಸೋಕಾಗಲ್ಲ ಪಾಪ, ಒಂದನ್ನ ಅಡಗಿಸಿ ಇನ್ನೊಂದನ್ನ ತೋರಿಸ್ತಾಳೆ. ಅದಕ್ಕೇ ಪರದೆ ಮಿಣಮಿಣ ಅನ್ನೋದು, ಆಟ ಕುಂಟೋದು. ನಮ್ಮ ಮಶೀನು ಮದುವೆ ಮನೆ. ಚಿತ್ರಕ್ಕೆ ಬೇರೆ ಚಿಪ್, ಸದ್ದಿಗೆ ಬೇರೆ, ಲೆಕ್ಕಾಚಾರಕ್ಕೆ ಬೇರೆ. ನಲವತ್ತೆಂಟು ಹಕ್ಕಿ ಒಟ್ಟಿಗೆ ಬರಲಿ, ಒಂದೂ ಮಿಟುಕಲ್ಲ!”

ಮಶೀನಿನ ಹತ್ತಿರ ಕರೆದು ತೋರಿಸುತ್ತಿದ್ದ. ಹಿಂದೆ ಬೆಟ್ಟ ನಿಧಾನ, ಅದರ ಮುಂದೆ ಕಾಡು ಸ್ವಲ್ಪ ಬೇಗ, ಅದಕ್ಕೂ ಮುಂದೆ ಮೋಡ ಇನ್ನೂ ಬೇಗ, ಮೂರು ಪದರ. ಮನೆಯದರಲ್ಲಿ ಬರೀ ಕಪ್ಪು ಆಕಾಶ. ಇಲ್ಲಿ ಪಿಕ್ಚರ್ ಟ್ಯೂಬನ್ನೇ ಅಡ್ಡದ ಬದಲು ಉದ್ದಕ್ಕೆ ನಿಲ್ಲಿಸಿದ್ದಾರೆ, ಹಕ್ಕಿ ಮೇಲಿನಿಂದ ಇಳಿಯಲು ಜಾಗವಿದೆ. ಮನೆಯ ಟಿವಿ ಅಡ್ಡಡ್ಡ, ಅರ್ಧ ಆಕಾಶ ಕತ್ತರಿಸಿಯೇ ಒಳಗೆ ಹಾಕಬೇಕು. “ಟಿವಿ ಗೇಮ್ ಕೆಟ್ಟದ್ದು ಅಂತಲ್ಲಮ್ಮ. ಇದು ಒಂದೇ ಆಟಕ್ಕೆ ಅಂತ ಮಾಡಿದ ಬೋರ್ಡು. ಅದನ್ನ ಮನೆಗೆ ಒಯ್ಯೋ ಬೆಲೆಗೆ ಇಳಿಸ್ಬೇಕಾದ್ರೆ ಏನಾದ್ರೂ ಬಿಡಲೇಬೇಕಲ್ಲ. ಮಕ್ಕಳು ಆಡ್ಲಿ ಬಿಡಿ. ‘ಅದೇ ಆಟ’ ಅನ್ನೋದು ಮಾತ್ರ ಸುಳ್ಳು.”

ಆ ಕೊನೇ ಮಾತು ರಸ್ತೆ ದಾಟಿ ಬರುತ್ತಿತ್ತು. “ನಿಮ್ಮ ಭಾವನೇ ಸುಳ್ಳು ಅಂತಾರಲ್ರೀ?” ಎಂದು ಗಿರಾಕಿಗಳು ನಗುತ್ತಾ ಕೇಳಿದರೆ ಅಂಗಡಿಯವನಿಗೆ ಮೈಯೆಲ್ಲ ಉರಿ. ಭಾವನಿಗೆ ಕೆಟ್ಟ ಬುದ್ಧಿಯಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಟ್ಟ ಬುದ್ಧಿ ಇದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಕೊನೆಗೊಂದು ದಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟ. “ಭಾನುವಾರ ನನ್ನ ಟಿವಿ ತಂದು ನಿಮ್ಮ ಮಶೀನಿನ ಪಕ್ಕದಲ್ಲೇ ಇಡ್ತೀನಿ. ಜನವೇ ನೋಡಿ ಹೇಳ್ಲಿ.”

ಭಾವನ ಮುಖ ಅರಳಿತು. “ಭಲೇ! ಒಳ್ಳೇ ಯೋಚನೆ ಕಣಯ್ಯಾ,” ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ.

* * *

“ಮುಂದಿನ ಬಲಗಡೆ ನೀನೇ ಹೊರಬೇಕು,” ಎಂದಳು ಅಕ್ಕ.

ಶವಪೆಟ್ಟಿಗೆ ಬಂದಿತ್ತು. ವ್ಯಾನು ಕೆಳಗೆ ನಿಂತಿತ್ತು. ಹೊರುವವರು ನಾಲ್ಕು ಜನ: ಯಜಮಾನರ ಮಗ, ಎದುರುಮನೆ ಟೈಲರ್, ವ್ಯಾನಿನ ಡ್ರೈವರ್, ಮತ್ತೆ ಇವನು. ಎತ್ತರದಲ್ಲಿ ನಾಲ್ವರೂ ಹೆಚ್ಚುಕಡಿಮೆ ಸಮ ಎಂದು ಟೈಲರ್ ಕಣ್ಣಳತೆಯಲ್ಲೇ ಹೇಳಿದ್ದ.

“ಒಳ್ಳೇ ಮನುಷ್ಯ,” ಎಂದ ಟೈಲರ್ ದನಿ ತಗ್ಗಿಸಿ. “ಕೆಲಸ ಮಾತ್ರ ದೇವರಿಗೇ ಪ್ರೀತಿ. ನಮ್ಮ ಇಸ್ತ್ರಿಪೆಟ್ಟಿಗೆ ಮೂರು ಸಲ ಕೊಟ್ಟೆ, ಮೂರು ಸಲವೂ ವಾರಕ್ಕೇ ವಾಪಸ್ಸು.”

“ಮೊದಲು ಹಾಗಿರಲಿಲ್ಲ,” ಎಂದರು ಯಜಮಾನರು. “ಅವನು ಹಾಕಿದ ಜಾಯಿಂಟು ಕಲ್ಲಿನ ಹಾಗೆ ಇರ್ತಿತ್ತು. ಆ ಹಕ್ಕಿ ಬೋರ್ಡು ಕೆಟ್ಟಿತಲ್ಲ, ಅಲ್ಲಿಂದ ಕೈಗೆ ಹೆದರಿಕೆ ಹತ್ತಿತು. ಕಾವು ಜಾಸ್ತಿ ಆಗತ್ತೆ ಅಂತ ಸೋಲ್ಡರಿಂಗ್ ಐರನ್ ಮುಟ್ಟಿಸಿ ಮುಟ್ಟಿಸದ ಹಾಗೆ ತೆಗೆದುಬಿಡ್ತಿದ್ದ. ಸೀಸ ಹಿಡಿಯೋದೆಲ್ಲಿಂದ? ಆದ್ರೂ ಇವರು ಇಟ್ಕೊಂಡ್ರಲ್ಲ, ಇಪ್ಪತ್ತು ವರ್ಷ!”

ಮತ್ತೆ ಎಲ್ಲರ ಕಣ್ಣು ಇವನ ಮೇಲೆ. ಇಟ್ಟುಕೊಂಡದ್ದು ನಿಜ. ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟಿದ್ದ. ರಿಪೇರಿಯಾದ ಡಬ್ಬಗಳು ವಾಪಸ್ಸು ಬಂದಾಗ ಗಿರಾಕಿಗಳ ಮುಂದೆಯೇ “ಏನು ಭಾವ ಇದು, ಮತ್ತೆ ಅದೇ ರಾಗ!” ಎಂದು ಗದರಿದ್ದನ್ನೂ ಇವರು ಹೇಳಬಹುದಿತ್ತು. ಆಗೆಲ್ಲ ಭಾವ ಕನ್ನಡಕ ತೆಗೆದು ಒರೆಸುತ್ತಾ, “ನನ್ನದೇ ತಪ್ಪು ಕಣಯ್ಯಾ, ಕೊಡು, ಇನ್ನೊಂದ್ಸಲ ನೋಡ್ತೀನಿ” ಎನ್ನುತ್ತಿದ್ದ. ಅದನ್ನು ನೆನೆದರೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ನೆಲ ಎಲ್ಲಿ ನುಂಗುತ್ತದೆ? ಟೈಲರನ ಹೆಂಡತಿ ಕಾಫಿ ಲೋಟ ತಂದು ಕೈಗಿಟ್ಟಳು.

ಅಕ್ಕನ ಮಗಳು ಕಿಟಕಿಯ ಹತ್ತಿರ ಫೋನು ಹಿಡಿದು ನಿಂತಿದ್ದಳು. ಏನೋ ಬರೆಯುತ್ತಿದ್ದಳು, ಅಳಿಸುತ್ತಿದ್ದಳು.

* * *

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಆಟ ಹನ್ನೊಂದಕ್ಕೆ. ಪಾರ್ಲರಿನ ಶಟರು ಅರ್ಧ ಎತ್ತಿತ್ತು. ಭಾವ ಹಕ್ಕಿ ಮಶೀನಿನ ಸ್ವಿಚ್ಚು ಆರಿಸಿ, ಅದರ ಬೀಗದ ಕೈಯನ್ನು ಇವನಿಗೇ ಕೊಟ್ಟ. “ಹಿಂದಿನ ಬಾಗಿಲು ತೆಗೆದು ಸ್ವಲ್ಪ ಧೂಳು ಒರೆಸಿಡಯ್ಯಾ. ಇಂಥ ದಿನ ಹಳೇ ಅಂಗಿಲಿ ನಿಲ್ಲಬಾರದು, ಬದಲಾಯಿಸಿ ಬರ್ತೀನಿ.”

ಎದುರಾಳಿಯ ಕೈಗೆ ಯಾರಾದರೂ ಬೀಗದ ಕೈ ಕೊಡುತ್ತಾರೆಯೇ? ಕೊಟ್ಟ, ಪುಣ್ಯಾತ್ಮ. ಅವನ ಲೆಕ್ಕದಲ್ಲಿ ಎದುರಾಳಿ ಟಿವಿ ಗೇಮು, ಭಾಮೈದ ಅಲ್ಲ.

ಒಳಗೆ ಗೋಡೆಗೆ ಒರಗಿದಂತೆ ಬೋರ್ಡು, ಅದರ ಮೈತುಂಬ ತಂತಿಯ ಬದಲು ವಿದ್ಯುತ್ತು ಹರಿಯುವ ತೆಳು ತಾಮ್ರದ ಗೆರೆಗಳು. ಅದರ ಮೂಲೆಯಲ್ಲಿ ಬಟನಿನಷ್ಟು ಬ್ಯಾಟರಿ. ಅದರ ಕತೆ ಅವನಿಗೆ ಗೊತ್ತಿತ್ತು, ಒಂದು ವಾರದ ಹಿಂದಷ್ಟೇ ಭಾವ ಅದನ್ನು ಬದಲಾಯಿಸುವಾಗ ಪಕ್ಕದಲ್ಲಿ ಕೂತಿದ್ದ. ಕಳ್ಳನಕಲು ಮಾಡುವವರಿಗೆ ಹೆದರಿ ಆ ಬೋರ್ಡು ಮಾಡಿದವರು ಆಟಕ್ಕೆ ಒಂದು ಗುಟ್ಟಿನ ಬೀಗ ಹಾಕಿದ್ದರು. ಬೀಗ ತೆಗೆಯುವ ಗುಟ್ಟನ್ನು ಒಂದು ಚಿಪ್ ನೆನಪಿಟ್ಟುಕೊಂಡಿರುತ್ತದೆ, ಮಶೀನು ಆರಿದ್ದಾಗ ಆ ಚಿಪ್ಪನ್ನು ಬದುಕಿಸುವುದು ಈ ಬ್ಯಾಟರಿ. ಅದಕ್ಕೇ ಭಾವ ಮೊದಲು ಹೊಸ ಬ್ಯಾಟರಿಯನ್ನು ತಂತಿಯಲ್ಲಿ ಸೇರಿಸಿ, ಆಮೇಲೆ ಉಸಿರು ಬಿಗಿಹಿಡಿದು ಹಳೆಯದನ್ನು ಬಿಡಿಸಿದ್ದ. “ಒಂದು ಗಳಿಗೆ ತಪ್ಪಿದ್ರೆ ಮರೆತುಬಿಡತ್ತೆ. ಮತ್ತೆ ನೆನಪು ಬರಲ್ಲ, ಸತ್ತ ಹಾಗೇ” ಎಂದಿದ್ದ.

‘ಸತ್ತ ಹಾಗೇ’ ಎಂದದ್ದು ಮಾತಿನ ವರಸೆ, ಒಂದು ದಿನದ ಮಟ್ಟಿಗೆ ಕೆಡುತ್ತದೆ ಎಂದುಕೊಂಡೆ ಎಂದು ಅಂಗಡಿಯವನು ಮೂವತ್ತು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾನೆ. ಅದು ಅರ್ಧ ನಿಜವೂ ಅಲ್ಲ.

ಬೀಗದ ಕೈಯ ತುದಿಯನ್ನು ಬ್ಯಾಟರಿಯ ಒಂದು ಲೋಹದ ಕಾಲಿನ ಕೆಳಗೆ ತೂರಿಸಿ ಮೀಟಿದ. ಭಾವ ಹಾಕಿದ ಬೆಸುಗೆ, ಬರಲಿಲ್ಲ. ಇನ್ನೂ ಜೋರಾಗಿ ಮೀಟಿದ. ಬೆಸುಗೆ ಬಿಡಲಿಲ್ಲ, ಅದರ ಕೆಳಗಿನ ತಾಮ್ರದ ಗೆರೆಯೇ ಬೋರ್ಡಿನಿಂದ ಕಿತ್ತುಕೊಂಡು ಮೇಲೆದ್ದಿತು. ಚಿಪ್ ಮರೆಯಲೆಂದು ಇಪ್ಪತ್ತು ಎಣಿಸಿದ. ಆಮೇಲೆ ಎದ್ದ ಗೆರೆಗೆ ಉಗುಳು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಧೂಳು ಒರೆಸಿ, ಬಾಗಿಲು ಹಾಕಿದ.

ಹನ್ನೊಂದಕ್ಕೆ ಬೀದಿಯೇ ಬಂದು ನಿಂತಿತ್ತು. ಟಿವಿಯಲ್ಲಿ ಹತ್ತು ಹಕ್ಕಿ ಮಿಣಮಿಣ ಎಂದವು. ಭಾವ ಇಸ್ತ್ರಿ ಅಂಗಿಯಲ್ಲಿ ನಿಂತು, “ಈಗ ನೋಡಿ!” ಎಂದು ಸ್ವಿಚ್ಚು ಒತ್ತಿದ. ಪರದೆ ಹಸಿರಾಯಿತು. ಹಸಿರಾಗಿಯೇ ಉಳಿಯಿತು. ಮತ್ತೆ ಆರಿಸಿ ಹಾಕಿದ, ಮತ್ತೆ ಹಸಿರು. “ನಲವತ್ತೆಂಟು ಹಕ್ಕಿ ಹಾರಿಹೋದ್ವಾ ಮೆಕ್ಯಾನಿಕ್ಕೂ?” ಎಂದು ಯಾರೋ ಕೂಗಿದರು. ಇಡೀ ಪಾರ್ಲರು ಗೊಳ್ಳೆಂದು ನಕ್ಕಿತು. ಅಂಗಡಿಯವನೂ ನಕ್ಕ, ಎಲ್ಲರೂ ನಗುವಾಗ ನಗದಿದ್ದರೆ ಅನುಮಾನ ಬರುತ್ತದೆಂದು.

ಸಂಜೆ ಭಾವ ಭೂತಗನ್ನಡಿಯಲ್ಲಿ ನೋಡಿ ಎದ್ದ ಗೆರೆಯನ್ನು ಕಂಡುಹಿಡಿದ. ಕಾವು ಹೆಚ್ಚಾದರೆ ತಾಮ್ರ ಹಾಗೆ ಏಳುತ್ತದೆ, ಆ ಕಸುಬಿನವರಿಗೆಲ್ಲ ಗೊತ್ತು. ಕಸುಬಿನವನಾದ್ದರಿಂದಲೇ ಅವನಿಗೆ ಬೇರೆ ಕಾರಣ ಹೊಳೆಯಲಿಲ್ಲ. “ಹೋದ ವಾರ ಐರನ್ ಜಾಸ್ತಿ ಹೊತ್ತು ಇಟ್ಟುಬಿಟ್ಟೆ,” ಎಂದು ಯಜಮಾನರ ಮುಂದೆ ಕೈಕಟ್ಟಿ ನಿಂತ. ಅಲ್ಲಿಂದ ಹತ್ತು ವರ್ಷಕ್ಕೆ ಟಿವಿ ಗೇಮುಗಳೇ ಪಾರ್ಲರಿನ ಮಶೀನುಗಳನ್ನು ಮೀರಿಸಿದವು, ಪಾರ್ಲರುಗಳೆಲ್ಲ ಮುಚ್ಚಿದವು. ಸುಮ್ಮನೆ ಕಾದಿದ್ದರೂ ಅಂಗಡಿಯವನೇ ಗೆಲ್ಲುತ್ತಿದ್ದ.

* * *

ಕಾಫಿ ಲೋಟ ಕೆಳಗಿಟ್ಟು ಅವನು ಎದ್ದು ನಿಂತ. ಹೊರುವ ಹೊತ್ತಾಯಿತೆಂದು ಟೈಲರೂ ಎದ್ದ.

“ಒಂದು ನಿಮಿಷ,” ಎಂದ. “ಅಕ್ಕಾ, ಪುಟ್ಟಿ... ಆ ಬೋರ್ಡು ಭಾವನ ಕೈಯಿಂದ ಹೋಗಿದ್ದಲ್ಲ. ನಾನು ಕೆಡಿಸಿದ್ದು. ಅವತ್ತು ಬೆಳಿಗ್ಗೆ ಬ್ಯಾಟರಿ ಬಿಡಿಸಿದೆ. ಬೇಕು ಅಂತಲೇ ಮಾಡಿದೆ.”

ಯಜಮಾನರು ನಿಧಾನವಾಗಿ ಬಂದು ಅವನ ಬೆನ್ನು ಸವರಿದರು. “ಕೂತ್ಕೊಳ್ಳಿ, ಕೂತ್ಕೊಳ್ಳಿ. ದುಃಖದಲ್ಲಿ ಏನೇನೋ ಬರತ್ತೆ ಬಾಯಿಗೆ. ನೀವು ಬಲ್ಬು ಬದಲಾಯಿಸೋಕೂ ಅವನನ್ನೇ ಕರೀತಿದ್ದೋರು. ಬೋರ್ಡಿನ ತಂಟೆಗೆ ನೀವೆಲ್ಲಿ ಹೋಗ್ತೀರಿ?”

ಅಕ್ಕ ಅವನ ಕೆನ್ನೆ ಮುಟ್ಟಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಸತ್ತವರ ತಪ್ಪನ್ನೂ ನಿನ್ನ ತಲೆ ಮೇಲೆ ಹಾಕ್ಕೊಳ್ತೀಯಲ್ಲೋ. ಎಷ್ಟು ದೊಡ್ಡ ಮನಸ್ಸು ಕಣೋ ನಿಂದು.”

ಹೇಳಿಯಾಯಿತು. ಇವರು ನಂಬದಿದ್ದರೆ ಅದು ಇವರ ಪಾಡು. ಮೂವತ್ತು ವರ್ಷದ ಹೊರೆ ಇಳಿಸಿದ ಹಾಗೂ ಆಯಿತು, ಮರ್ಯಾದೆ ಉಳಿದ ಹಾಗೂ ಆಯಿತು. ಅಂಥ ಯೋಚನೆ ಆ ಹೊತ್ತಿನಲ್ಲೂ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೆ ಬಂದದ್ದಂತೂ ಹೌದು.

ಅಕ್ಕನ ಮಗಳು ಮಾತ್ರ ಕಿಟಕಿಯಿಂದ ಕದಲದೆ ನೋಡುತ್ತಿದ್ದಳು. “ಯಾವ ಕಾಲು ಬಿಡಿಸಿದ್ರಿ ಮಾವ?”

ನೆನಪಿಲ್ಲ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅವನಿಂದ ಅದನ್ನೇ ಬಯಸುತ್ತಿದ್ದರು. ಅವನ ನಾಲಿಗೆಯ ತುದಿಯಲ್ಲೂ ಅದೇ ಇತ್ತು. ಅವಳು ಫೋನು ಹಿಡಿದಿದ್ದ ಕೈ ಅವನ ಕಣ್ಣಿಗೆ ಬಿತ್ತು. ಅದು ಥೇಟ್ ಭಾವನ ಕೈ, ಉದ್ದ ಬೆರಳು, ಚಪ್ಪಟೆ ಉಗುರು.

“ಅಂಚಿನ ಕಡೆದು,” ಎಂದ. “ಬೀಗದ ಕೈಯಲ್ಲಿ ಮೀಟಿದೆ. ಬೆಸುಗೆ ಬಿಡಲಿಲ್ಲ. ನಿಮ್ಮಪ್ಪ ಹಾಕಿದ್ದು, ಅಷ್ಟು ಗಟ್ಟಿ ಇತ್ತು. ಕೆಳಗಿನ ತಾಮ್ರದ ಗೆರೆನೇ ಕಿತ್ಕೊಂಡು ಬಂತು. ಉಗುಳು ಹಚ್ಚಿ ಒತ್ತಿ ಕೂರಿಸಿದೆ.”

ಅವಳು ಅಮ್ಮನ ಕಡೆ ತಿರುಗಿ ಹೇಳಿದಳು: “ನಿಜ ಅಮ್ಮ. ಆ ಗೆರೆ ಎದ್ದಿರೋದು ಅಪ್ಪ, ನಾನು, ಯಜಮಾನ್ರು ಬಿಟ್ರೆ ಯಾರಿಗೂ ಗೊತ್ತಿಲ್ಲ. ನಂಗೆ ಕೆಲಸ ಕಲಿಸೋವಾಗ ಆ ಬೋರ್ಡು ಇಟ್ಕೊಂಡು ಎಷ್ಟು ಸಲ ತೋರಿಸಿದ್ರು ಗೊತ್ತಾ? ನೋಡು ಮಗಳೇ, ನಾನು ಕಾವು ಜಾಸ್ತಿ ಕೊಟ್ಟೆ, ನೋಡ್ಕೋ, ನೀನು ಹೀಗೆ ಮಾಡಬೇಡ ಅಂತ.” ಅವಳು ಅವನ ಕಡೆ ತಿರುಗಿದಳು. “ಕಾವಿಂದ ಎದ್ದಿದ್ರೆ ಬೋರ್ಡು ಕಂದಿರಬೇಕಿತ್ತು. ಕಂದಿರಲಿಲ್ಲ. ನಾನೇ ಒಂದ್ಸಲ ಕೇಳಿದೆ ಕೂಡ. ನಮ್ಮ ತಪ್ಪಿಗೆ ನೆಪ ಹುಡುಕಬಾರದು ಅಂತ ಬೈದ್ರು.”

ಯಜಮಾನರ ಕೈ ಅವನ ಬೆನ್ನಿನ ಮೇಲೆಯೇ ಇತ್ತು. ಅದು ಯಾವಾಗ ಸರಿಯಿತೋ ತಿಳಿಯಲಿಲ್ಲ. ಅಕ್ಕ ಹೆಣದ ಕೈಯನ್ನೊಮ್ಮೆ ನೋಡಿದಳು.

“ಪುಟ್ಟಿ,” ಎಂದ ಅವನು, “ಆ ಕೆಲಸ...”

“ಒಪ್ಕೋತೀನಿ. ನೀವು ಹೇಳಿದ್ರಿ ಅಂತಲ್ಲ. ಅಪ್ಪನ ಕೈ ಸರಿ ಇತ್ತು, ಅದಕ್ಕೆ.” ಅವಳು ಫೋನನ್ನು ಜೇಬಿಗೆ ಹಾಕಿ, ಶಾಲನ್ನು ಸೊಂಟಕ್ಕೆ ಬಿಗಿದಳು. “ನೀವು ಹೊರಬೇಡಿ ಮಾವ. ಅಲ್ಲಿ ನಾನು ನಿಲ್ತೀನಿ.”

ಟೈಲರ್ ಅಳತೆಯ ಮಾತು ಎತ್ತದೆ ಅವಳಿಗೆ ಜಾಗ ಬಿಟ್ಟ.

ಅವಳು ಉಳಿದ ಮೂವರಿಗಿಂತ ಒಂದು ಗೇಣು ಗಿಡ್ಡ. ಹೆಗಲ ಮೇಲೆ ಏರಿದ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಇಕ್ಕಟ್ಟು ಮೆಟ್ಟಿಲಲ್ಲಿ ಒಂದೊಂದೇ ಹೆಜ್ಜೆ. ಪ್ರತಿ ಹೆಜ್ಜೆಗೂ ಅವಳು ತುದಿಗಾಲಲ್ಲಿ ನಿಂತು ತನ್ನ ಮೂಲೆಯನ್ನು ಎತ್ತಿ ಹಿಡಿಯುತ್ತಿದ್ದಳು. ಕೆಳಮನೆಯ ಬಾಗಿಲಿಂದ ಒಬ್ಬ ಕೂಗಿದ: “ರೀ ಅಂಗಡಿಯವ್ರೇ, ನಿಂತು ನೋಡ್ತೀರಲ್ರೀ! ಆ ಹುಡುಗಿಗೆ ಒಂದು ಕೈ ಕೊಡಿ!”

ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಪೆಟ್ಟಿಗೆ ದಾಟಿತು. ಅದರ ಹಿಂದೆ ಯಜಮಾನರು ಇಳಿದರು, ಟೈಲರನ ಹೆಂಡತಿ ಇಳಿದಳು. ಕೊನೆಯಲ್ಲಿ ಅಕ್ಕ ಬಂದಳು. ಮಂಡಿನೋವಿನವಳು, ಯಾರಾದರೂ ತೋಳು ಕೊಡದೆ ಮೆಟ್ಟಿಲು ಇಳಿಯಲಾರಳು. ಅವನು ತೋಳು ಚಾಚಿದ. ಅಕ್ಕ ಎರಡು ಅಂಗೈಗಳನ್ನೂ ಎದುರಿನ ಗೋಡೆಗೆ ಒತ್ತಿ ಹಿಡಿದು, ಅಡ್ಡಡ್ಡವಾಗಿ, ಒಂದು ಕಾಲು ಇಳಿಸಿ, ನಿಂತು, ಇನ್ನೊಂದು ಕಾಲು ಇಳಿಸುತ್ತಾ, ಅವನ ಚಾಚಿದ ತೋಳಿನ ಮುಂದೆಯೇ ಕೆಳಗಿಳಿದು ಹೋದಳು.